ಒಲೆ ಇರುವ ಮನೆ ಹುಡುಕಿಕೊಂಡು ಐಸ್‌ಲ್ಯಾಂಡ್ ಸುತ್ತಿದೆವು

ಐಸ್‌ಲ್ಯಾಂಡಿಗೆ ಹೋಗೋಣ ಅಂತ ನನ್ನ ತಮ್ಮ ಹೇಳಿದ ದಿನ ರಾತ್ರಿಯೇ ಅಲ್ಲಿನ ಹೋಟೆಲ್ ಊಟದ ದರ ನೋಡಿದೆ. ಒಂದು ಬಟ್ಟಲು ಸೂಪು, ಎರಡು ತುಂಡು ಬ್ರೆಡ್ಡಿಗೆ ನಮ್ಮ ದುಡ್ಡಿನಲ್ಲಿ ಸುಮಾರು 1,500 ರೂಪಾಯಿ. ನಾನು, ನನ್ನ ಗಂಡ, ತಮ್ಮ, ಅಮ್ಮ ಸೇರಿ ನಾಲ್ಕು ಜನ, ಒಂಬತ್ತು ದಿನ, ದಿನಕ್ಕೆ ಎರಡು ಹೊತ್ತು. ಗುಣಿಸಿ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಅಮ್ಮ ಪಕ್ಕದಲ್ಲೇ ಕೂತಿದ್ದಳು. ತೀರ್ಥಹಳ್ಳಿಯಿಂದ ಮೂರು ತಿಂಗಳಿಗೆ ಅಂತ ಜರ್ಮನಿಯ ನಮ್ಮ ಮನೆಗೆ ಬಂದಿದ್ದಳು. "ಹೋಟ್ಲಲ್ಲಿ ಎಂಥಕ್ಕೆ ತಿನ್ನೋದು? ಒಲೆ ಇರೋ ಮನೆ ಸಿಗೋದಿಲ್ವಾ?" ಅಂದಳು.

ಆ ಮಾತಿನ ಮೇಲೇ ನಮ್ಮ ಪ್ಲಾನ್ ಪೂರ್ತಿ ನಿಂತಿತು. ಮರುದಿನ ಒಂದು ಎಕ್ಸೆಲ್ ಹಾಳೆ ಮಾಡಿದೆ. ನೋಡುವ ಜಾಗಗಳನ್ನು ಕೊನೆಯ ಕಾಲಮ್ಮಿಗೆ ತಳ್ಳಿದೆ. ಮೊದಲ ಕಾಲಮ್ಮಿನಲ್ಲಿ ಆ ರಾತ್ರಿ ಒಲೆ ಎಲ್ಲಿ, ಎರಡನೆಯದರಲ್ಲಿ ದಿನಸಿ ಅಂಗಡಿ ಎಲ್ಲಿ, ಮೂರನೆಯದರಲ್ಲಿ ಆ ದಿನ ಎಷ್ಟು ಕಿಲೋಮೀಟರ್. ಐಸ್‌ಲ್ಯಾಂಡಿನಲ್ಲಿ ಜಲಪಾತ, ಹಿಮನದಿ, ಬಿಸಿನೀರಿನ ಬುಗ್ಗೆ ಹೆಚ್ಚೂಕಡಿಮೆ ಎಲ್ಲವೂ ಪುಕ್ಕಟೆ. ಹೆಚ್ಚೆಂದರೆ ಪಾರ್ಕಿಂಗ್ ದುಡ್ಡು ಕೊಡಬೇಕು. ಜೇಬು ಖಾಲಿಯಾಗುವುದು ಮೂರೇ ಕಡೆ: ಹಾಸಿಗೆ, ಊಟ, ಕಾರು. ಮೊದಲ ಎರಡರಲ್ಲಿ ಉಳಿಸಬಹುದು. ಕಾರಿನಲ್ಲಿ ಉಳಿಸಲು ಹೋಗಬಾರದು ಅನ್ನುವುದು ಈಗಲೂ ನನ್ನ ಗಟ್ಟಿ ಅಭಿಪ್ರಾಯ.

ನಾವು ಹೋಗಿದ್ದು 2023ರ ಸೆಪ್ಟೆಂಬರ್ ಮೊದಲ ವಾರ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಸೀಸನ್, ರೂಮು ಕಾರು ಎರಡೂ ದುಬಾರಿ. ಸೆಪ್ಟೆಂಬರಿನಲ್ಲಿ ದರ ಇಳಿಯುತ್ತದೆ, ರಸ್ತೆಗೆ ಇನ್ನೂ ಹಿಮ ಬಿದ್ದಿರುವುದಿಲ್ಲ, ರಾತ್ರಿ ಕತ್ತಲಾಗುವುದರಿಂದ ಆಕಾಶದಲ್ಲಿ ಹೊಳೆಯುವ ಉತ್ತರದ ಬೆಳಕು (ನಾರ್ದರ್ನ್ ಲೈಟ್ಸ್) ಕಾಣುವ ಆಸೆಯೂ ಇರುತ್ತದೆ. ಪಫಿನ್ ಹಕ್ಕಿಗಳು ಮಾತ್ರ ಅಷ್ಟೊತ್ತಿಗೆ ಸಮುದ್ರಕ್ಕೆ ಹೊರಟುಹೋಗಿರುತ್ತವೆ. ಅಮ್ಮನ ಹತ್ತಿರ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಇತ್ತು. ಐಸ್‌ಲ್ಯಾಂಡೂ ಅದರಲ್ಲೇ ಬರುವುದರಿಂದ ಬೇರೆ ವೀಸಾ ಬೇಕಾಗಲಿಲ್ಲ.

ಕ್ಯಾಂಪರ್ ವ್ಯಾನ್ ತಗೊಂಡರೆ ಅಗ್ಗ ಅಂತ ಎಲ್ಲರೂ ಹೇಳಿದರು. ಇಬ್ಬರಿಗಾದರೆ ಸರಿ. ನಾಲ್ವರಿಗೆ ಮಲಗಲು ಆಗುವಂಥ ದೊಡ್ಡ ವ್ಯಾನಿನ ಬಾಡಿಗೆ, ಅದು ಕುಡಿಯುವ ಡೀಸೆಲ್, ಕ್ಯಾಂಪ್‌ಸೈಟಿನಲ್ಲಿ ತಲೆಗಿಷ್ಟು ಅಂತ ಕೊಡುವ ದುಡ್ಡು ಎಲ್ಲ ಸೇರಿಸಿದರೆ ಸಣ್ಣ ಕಾರು ಮತ್ತು ಫಾರ್ಮ್ ಗೆಸ್ಟ್‌ಹೌಸಿನ ಲೆಕ್ಕಕ್ಕೇ ಬಂತು. ರಸ್ತೆ ಪಕ್ಕ ಎಲ್ಲೆಂದರಲ್ಲಿ ವ್ಯಾನ್ ನಿಲ್ಲಿಸಿ ಮಲಗುವುದಕ್ಕೆ ಅಲ್ಲಿ ಕಾನೂನಿನ ಅನುಮತಿಯೂ ಇಲ್ಲ. ಮೇಲಾಗಿ ಅಮ್ಮನಿಗೆ ಅರವತ್ಮೂರು. ಚಳಿಯಲ್ಲಿ ನಡುರಾತ್ರಿ ಶೌಚಾಲಯಕ್ಕೆ ಅಂತ ಹೊರಗೆ ನಡೆಸುವ ಮನಸ್ಸಾಗಲಿಲ್ಲ.

ರೂಮು ಹುಡುಕುವಾಗ ಒಂದು ಕಷ್ಟ ಇದೆ. 'ಅಡುಗೆ ಸೌಲಭ್ಯ' ಅಂತ ಹಾಕಿರುತ್ತಾರೆ, ಹೋಗಿ ನೋಡಿದರೆ ಮೈಕ್ರೋವೇವ್, ಕೆಟಲ್ ಅಷ್ಟೇ ಇರುತ್ತದೆ. ಅದಕ್ಕೆ ನಾನು ಫೋಟೋದಲ್ಲಿ ಒಲೆ ಕಾಣದಿದ್ದರೆ ಮನೆಯವರಿಗೆ ಮೆಸೇಜ್ ಹಾಕಿ ಕೇಳುತ್ತಿದ್ದೆ. ಎಲ್ಲರೂ ಉತ್ತರ ಕೊಟ್ಟರು. ಎಂಟು ಕಡೆ ಒಲೆ ಸಿಕ್ಕಿತು. ಮೀವಾಟ್ನ್ ಸರೋವರದ ಹತ್ತಿರದ ಮನೆಯಲ್ಲಂತೂ ನಾಲ್ಕು ಒಲೆ, ದೊಡ್ಡ ಬಾಣಲೆ, ಚೂಪಾದ ಚಾಕು ಎಲ್ಲ ಇತ್ತು. ಚಾಕು ನೋಡಿಯೇ ಅಮ್ಮ ಖುಷಿಯಾದಳು.

ಬ್ಯಾಗಿನಲ್ಲಿ ನಾವು ಒಯ್ದಿದ್ದು: ಸಾರಿನ ಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ಅವಲಕ್ಕಿ, ತೊಗರಿಬೇಳೆ, ಸಾಸಿವೆ, ಇಂಗು, ಟೇಪು ಸುತ್ತಿದ ಅಪ್ಪೆಮಿಡಿ ಬಾಟಲಿ, ಕಾಫಿಪುಡಿ, ಸ್ಟೀಲ್ ಫಿಲ್ಟರ್, ಒಂದು ಚಿಕ್ಕ ರೈಸ್ ಕುಕ್ಕರ್. ಅಲ್ಲಿನ ಪ್ಲಗ್ಗು ಜರ್ಮನಿಯದೇ ಥರ, ತೊಂದರೆ ಆಗಲಿಲ್ಲ. ಹೊರಗಿನಿಂದ ತರುವ ಆಹಾರಕ್ಕೆ ಐಸ್‌ಲ್ಯಾಂಡಿನಲ್ಲಿ ಮಿತಿ ಇದೆ. ಹೊರಡುವ ಮೊದಲು ಅವರ ಕಸ್ಟಮ್ಸ್ ಪುಟ ನೋಡಿಕೊಳ್ಳಿ. ಅಕ್ಕಿ, ತರಕಾರಿ, ಮೊಸರಿನ ಬದಲು ಸ್ಕೀರ್, ಬೆಣ್ಣೆ ಎಲ್ಲ ಅಲ್ಲೇ ಕೊಂಡೆವು. ಬೋನುಸ್ ಅನ್ನುವ ಅಂಗಡಿ ಅಲ್ಲಿ ಅಗ್ಗ. ಹಳದಿ ಬೋರ್ಡಿನ ಮೇಲೆ ಗುಲಾಬಿ ಹಂದಿ ಮರಿ ಇರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಎಲ್ಲ ಊರಲ್ಲೂ ಇಲ್ಲ, ಸಂಜೆ ಬೇಗ ಮುಚ್ಚುತ್ತಾರೆ. ಸೆಲ್ಫೋಸ್, ಎಗಿಲ್‌ಸ್ಟಾಡಿರ್, ಅಕುರೇರಿ ಊರುಗಳಲ್ಲಿ ಬೋನುಸ್, ವಿಕ್‌ನಲ್ಲಿ ಕ್ರೋನನ್, ಹೋಫ್ನ್‌ನಲ್ಲಿ ನೆಟ್ಟೋ. ದಿನದ ಪ್ರಯಾಣವನ್ನು ಈ ಅಂಗಡಿಗಳ ಹೊತ್ತು ನೋಡಿಯೇ ಕಟ್ಟಿದೆವು.

ಅಲ್ಲಿ ಫ್ಲಾಟ್‌ಕೋಕುರ್ ಅಂತ ರೈ ಹಿಟ್ಟಿನ ರೊಟ್ಟಿ ಸಿಗುತ್ತದೆ. ತೆಳ್ಳಗೆ, ಮೇಲೆಲ್ಲ ಸುಟ್ಟ ಕಲೆ. ಅಮ್ಮ ಅದನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಬೆಣ್ಣೆ ಸವರಿ, ಚಟ್ನಿಪುಡಿ ಉದುರಿಸಿ ಸುರುಳಿ ಸುತ್ತಿ ಫಾಯಿಲ್‌ನಲ್ಲಿ ಕಟ್ಟುತ್ತಿದ್ದಳು. ಒಂಬತ್ತರಲ್ಲಿ ಆರು ದಿನ ಮಧ್ಯಾಹ್ನಕ್ಕೆ ಅದೇ. ಸ್ಕೋಗಾಫಾಸ್ ಜಲಪಾತದ ಎದುರು ಕಾರಿನ ಡಿಕ್ಕಿ ತೆಗೆದು, ಅದರ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ನಿಂತು ತಿಂದ ಆ ರೊಟ್ಟಿಯ ರುಚಿ ಇನ್ನೂ ನಾಲಿಗೆ ಮೇಲಿದೆ.

ಮೊದಲ ರಾತ್ರಿ ಒಂದು ತಪ್ಪು ಮಾಡಿದೆ. ಬೇಗ ಕುದಿಯಲಿ ಅಂತ ಬಿಸಿನೀರಿನ ನಲ್ಲಿಯಿಂದಲೇ ಕೆಟಲ್ ತುಂಬಿಸಿ ಡಿಕಾಕ್ಷನ್ ಇಳಿಸಿದೆ. ಅಮ್ಮ ಲೋಟ ಮೂಗಿನ ಹತ್ತಿರ ತಂದು ಹಾಗೇ ಕೆಳಗಿಟ್ಟಳು. "ಇದೆಂಥ ವಾಸನೆಯೇ, ಮೊಟ್ಟೆ ಕೊಳೆತ ಹಾಗೆ!" ಆ ಬಿಸಿನೀರು ಬರುವುದೇ ಭೂಮಿಯೊಳಗಿನಿಂದ, ಅದರಲ್ಲಿ ಗಂಧಕದ ವಾಸನೆ ಇರುತ್ತದೆ. ಸ್ನಾನಕ್ಕೆ ಏನೂ ತೊಂದರೆಯಿಲ್ಲ. ಕುಡಿಯಲು, ಅಡುಗೆಗೆ ತಣ್ಣೀರಿನ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಹಿಡಿದುಕೊಳ್ಳಬೇಕು. ಆ ತಣ್ಣೀರು ನಮ್ಮ ಮಲೆನಾಡಿನ ಅಬ್ಬಿ ನೀರಿನಷ್ಟು ಸಿಹಿ. ಬಾಟಲಿ ನೀರು ಕೊಳ್ಳುವ ಅಗತ್ಯವೇ ಇಲ್ಲ.

ಈಗ ಕಾರಿನ ವಿಷಯ. ದ್ವೀಪವನ್ನು ಸುತ್ತುವ ಒಂದನೇ ನಂಬರ್ ರಸ್ತೆ, ರಿಂಗ್ ರೋಡ್, ಸುಮಾರು 1,300 ಕಿಲೋಮೀಟರ್. ಬೇಸಿಗೆಯಲ್ಲಿ ಅದಕ್ಕೆ ಸಾಮಾನ್ಯ ಕಾರು ಸಾಕು. ಎಫ್ ಅಂತ ಶುರುವಾಗುವ ಬೆಟ್ಟದ ರಸ್ತೆಗಳಿಗೆ ಮಾತ್ರ ಫೋರ್ ವ್ಹೀಲ್ ಡ್ರೈವ್ ಕಡ್ಡಾಯ. ನಾವು ಅತ್ತ ಹೋಗಲಿಲ್ಲ. ಆದರೆ ವಿಮೆಯಲ್ಲಿ ಕೈ ಬಿಗಿ ಹಿಡಿಯಲಿಲ್ಲ. ಜಲ್ಲಿ ಸಿಡಿದು ಗಾಜು ಒಡೆದರೆ, ಮರಳುಗಾಳಿಗೆ ಬಣ್ಣ ಕಿತ್ತರೆ ಅಂತ ಅಲ್ಲಿ ಬೇರೆ ಬೇರೆ ವಿಮೆ ಇದೆ. ಎರಡನ್ನೂ ತಗೊಂಡೆವು. ಗಾಳಿಗೆ ಬಾಗಿಲು ಹಿಂದಕ್ಕೆ ಬಾಗಿದರೆ ಹೆಚ್ಚಿನ ವಿಮೆಗಳು ಕೊಡುವುದಿಲ್ಲ. ಅದನ್ನು ಪತ್ರದಲ್ಲಿ ಓದಿದಾಗ ಅರ್ಥ ಆಗಿರಲಿಲ್ಲ. ವಿಕ್‌ನ ಪೆಟ್ರೋಲ್ ಬಂಕಿನಲ್ಲಿ ಬಾಗಿಲಿಗೆ ಹಗ್ಗ ಕಟ್ಟಿಕೊಂಡ ಒಂದು ಕಾರು ನೋಡಿದ ಮೇಲೆ ಅರ್ಥ ಆಯಿತು. ಆಮೇಲೆ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸುವುದು, ಒಂದು ಸಲಕ್ಕೆ ಒಂದೇ ಬಾಗಿಲು, ಎರಡೂ ಕೈಯಲ್ಲಿ ಹಿಡಿದು ತೆಗೆಯುವುದು. ಇವರು ಸ್ಟೇರಿಂಗಿನಲ್ಲಿ ಕೂತು "ಅತ್ತೆ, ಸ್ವಲ್ಪ ತಡೀರಿ, ನಾನು ಬಂದು ತೆಗೀತೀನಿ" ಅನ್ನುತ್ತಿದ್ದರು, ಪ್ರತಿ ಸಲವೂ.

ಪೆಟ್ರೋಲ್ ಬಂಕಿನಲ್ಲಿ ಬಹಳ ಕಡೆ ಜನ ಇರುವುದಿಲ್ಲ. ಪಿನ್ ಇರುವ ಕಾರ್ಡ್ ಬೇಕು. ಮೊದಲ ಸಲ ನಾನು 'ಫುಲ್ ಟ್ಯಾಂಕ್' ಒತ್ತಿದೆ. ಹಾಕಿದ್ದಕ್ಕಿಂತ ಬಹಳ ದೊಡ್ಡ ಮೊತ್ತ ಕಾರ್ಡಿನಲ್ಲಿ ತಡೆಹಿಡಿದು, ಬಿಟ್ಟಿದ್ದು ನಾಲ್ಕು ದಿನದ ಮೇಲೆ. ಅಲ್ಲಿನ ದುಡ್ಡು ಕ್ರೋನ. ಎಷ್ಟು ಕ್ರೋನಕ್ಕೆ ಅಂತ ಒತ್ತಿದರೆ ಈ ಗೋಳಿಲ್ಲ. ಊರಿನ ಹೊರಗೆ ವೇಗದ ಮಿತಿ ಡಾಂಬರಿನಲ್ಲಿ 90, ಜಲ್ಲಿ ರಸ್ತೆಯಲ್ಲಿ 80. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಒಂದೇ ಗಾಡಿ ಹಿಡಿಸುವ ಸೇತುವೆಗಳು ದಾರಿಯುದ್ದ ಸಿಗುತ್ತವೆ, ಹತ್ತಿರ ಇರುವವರು ಮೊದಲು ದಾಟುತ್ತಾರೆ. ಸೆಪ್ಟೆಂಬರಿನಲ್ಲಿ ಕುರಿಗಳನ್ನು ಬೆಟ್ಟದಿಂದ ಇಳಿಸುವ ಕಾಲ. ತಾಯಿ ಕುರಿ ರಸ್ತೆಯ ಈ ಕಡೆ, ಮರಿ ಆ ಕಡೆ ಇದ್ದರೆ ಬ್ರೇಕ್ ಮೇಲೆ ಕಾಲಿಡಿ, ಅದು ದಾಟಿಯೇ ದಾಟುತ್ತದೆ.

ದಕ್ಷಿಣ ತೀರದಲ್ಲಿ ಸೆಲ್ಯಾಲಂಡ್ಸ್‌ಫಾಸ್ ಜಲಪಾತದ ಬೆನ್ನ ಹಿಂದೆಯೇ ನಡೆದುಹೋಗಬಹುದು. ಎತ್ತರ ಸುಮಾರು 60 ಮೀಟರ್. "ಜೋಗದ ಮುಂದೆ ಇದು ಮಗು. ಆದ್ರೆ ಜೋಗದ ಹಿಂದೆ ನಮ್ಮನ್ನ ಯಾರು ಬಿಡ್ತಾರೆ, ಅಲ್ವಾ?" ಅಂತ ಅಮ್ಮ ರೇನ್‌ಕೋಟ್ ಹಾಕಿಕೊಂಡು ಹೋಗಿಯೇಬಿಟ್ಟಳು. ರೇನಿಸ್‌ಫ್ಯಾರಾದ ಕಪ್ಪು ಮರಳಿನ ತೀರದಲ್ಲಿ ಮಾತ್ರ ನಾನು ಅವಳ ಕೈ ಬಿಡಲಿಲ್ಲ. ಅಲ್ಲಿ ಸುಮ್ನೆ ಇದ್ದ ಸಮುದ್ರ ಇದ್ದಕ್ಕಿದ್ದ ಹಾಗೆ ದೊಡ್ಡ ಅಲೆ ತಂದು ಜನರನ್ನು ಎಳೆದುಕೊಂಡಿದೆ, ಜೀವ ಹೋಗಿವೆ. ಎಚ್ಚರಿಕೆಯ ದೀಪ ನೋಡಿ, ಸಮುದ್ರಕ್ಕೆ ಬೆನ್ನು ಹಾಕಬೇಡಿ.

ಪೂರ್ವಕ್ಕೆ ಹೋಗುವಾಗ ಸ್ಕಾಫ್ಟಾಫೆಲ್ ಹತ್ತಿರ ರಸ್ತೆ ಪಕ್ಕ ಹಗ್ಗದ ಹಾಗೆ ತಿರುಚಿದ ಕಬ್ಬಿಣದ ತೊಲೆಗಳನ್ನು ಇಟ್ಟಿದ್ದಾರೆ. 1996ರಲ್ಲಿ ವಾಟ್ನಾಯೋಕುಲ್ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಸಿಡಿದು, ಕರಗಿದ ನೀರು ಪ್ರವಾಹವಾಗಿ ಬಂದು ಮುರಿದ ಸೇತುವೆಯ ಚೂರು ಅದು. ಈ ಜಾಗದ ನದಿಗಳಿಗೆ 1974ರಲ್ಲಿ ಸೇತುವೆ ಆದ ಮೇಲೆಯೇ ರಿಂಗ್ ರೋಡ್ ಪೂರ್ತಿಯಾಗಿದ್ದು. ಅಲ್ಲಿಯವರೆಗೆ ಹೋಫ್ನ್ ಊರಿನವರು ರಾಜಧಾನಿಗೆ ಕಾರಿನಲ್ಲಿ ಹೋಗಬೇಕಾದರೆ ಉತ್ತರದಿಂದ ಇಡೀ ದೇಶ ಸುತ್ತಬೇಕಿತ್ತು. ಆ ತೊಲೆ ಮುಟ್ಟಿ ನೋಡಿದ ಮೇಲೆ ಅಲ್ಲಿನ ಹವಾಮಾನ ಇಲಾಖೆಯ ಮಾತನ್ನು ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಹೋಫ್ನ್ ತಲುಪಿದ ರಾತ್ರಿಯೇ ಜೋರು ಗಾಳಿಯ ಆರೆಂಜ್ ಎಚ್ಚರಿಕೆ ಬಂತು. ಅಲ್ಲಿ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಹೇಳುತ್ತಾರೆ. 20 ಅಂದರೆ ಏನು ಮಹಾ ಅನ್ನಿಸಬಹುದು, ಗಂಟೆಗೆ 72 ಕಿಲೋಮೀಟರ್ ಅದು. ಮರುದಿನ ನಮ್ಮ ದಾರಿಯಲ್ಲಿ 30 ದಾಟುವ ಸೂಚನೆ ಇತ್ತು. ಹೊರಡುವುದು ಬೇಡ ಅಂತ ನಾಲ್ವರೂ ಒಂದೇ ಮಾತಿಗೆ ಬಂದೆವು. ಅದೇ ಮನೆಯಲ್ಲಿ ಇನ್ನೊಂದು ರಾತ್ರಿಗೆ ಜಾಗ ಸಿಕ್ಕಿತು. ಆದರೆ ಎಗಿಲ್‌ಸ್ಟಾಡಿರ್‌ನ ರೂಮಿನ ದುಡ್ಡು, 23,000 ಕ್ರೋನ, ಹೋಯಿತು. ಕ್ಯಾನ್ಸಲ್ ಮಾಡಲಾಗದ ರೂಮು 3,000 ಕ್ರೋನ ಕಡಿಮೆ ಅಂತ ನಾನೇ ಆಸೆಪಟ್ಟು ಹಿಡಿದಿದ್ದೆ. ಐಸ್‌ಲ್ಯಾಂಡಿಗೆ ಹೋಗುವವರು ಯಾರೇ ಕೇಳಿದರೂ ಇದನ್ನೇ ಹೇಳುತ್ತೇನೆ: ಕ್ಯಾನ್ಸಲ್ ಆಗುವ ರೂಮೇ ಹಿಡಿಯಿರಿ, ನಡುವೆ ಒಂದು ದಿನ ಖಾಲಿ ಬಿಡಿ.

ಆ ದಿನ ಕಿಟಕಿ ಗಾಜು ಗಡಗಡ ಅನ್ನುತ್ತಿತ್ತು. ಒಳಗೆ ಬಿಸಿ ಸಾರು, ಅನ್ನ, ಅಪ್ಪೆಮಿಡಿ. ನನ್ನ ತಮ್ಮ ನಕ್ಷೆ ಬಿಡಿಸಿ ಕೂತು ಮುಂದಿನ ಎರಡು ದಿನವನ್ನು ಒಂದಕ್ಕೆ ಇಳಿಸಿದ. ಮೊಬೈಲಿನ ನಕ್ಷೆ ಓಕ್ಸಿ ಅನ್ನುವ, ಬೆಟ್ಟ ದಾಟುವ ಹತ್ತಿರದ ದಾರಿ ತೋರಿಸುತ್ತದೆ. ಅದು ಕಡಿದಾದ ಜಲ್ಲಿ ರಸ್ತೆ, ಮಂಜು ಬೇರೆ. ನಾವು ಸಮುದ್ರದ ಬದಿಯ ಉದ್ದ ದಾರಿಯಲ್ಲೇ ಹೋದೆವು. ಮೀವಾಟ್ನ್ ಮುಟ್ಟುವಾಗ ರಾತ್ರಿ ಎಂಟು.

ಉತ್ತರದಲ್ಲಿ ಖರ್ಚು ಕಡಿಮೆ. ಅಕುರೇರಿ ಹತ್ತಿರದ ಸುರಂಗಕ್ಕೆ ಟೋಲ್ ಇದೆ. ಹಳೆಯ ಬೆಟ್ಟದ ರಸ್ತೆ ಸುಮಾರು 16 ಕಿಲೋಮೀಟರ್ ಜಾಸ್ತಿ, ಟೋಲ್ ಇಲ್ಲ, ಕೊಲ್ಲಿಯ ನೋಟ ಪೂರ್ತಿ ಸಿಗುತ್ತದೆ. ಅದರಲ್ಲೇ ಹೋದೆವು. ಬ್ಲೂ ಲಗೂನ್ ಅನ್ನುವ ಹೆಸರಾದ ಬಿಸಿನೀರಿನ ಕೊಳದ ಒಬ್ಬರ ಟಿಕೆಟ್ ದುಡ್ಡಿನಲ್ಲಿ ನಾವು ನಾಲ್ವರೂ ಊರಿನ ಈಜುಕೊಳಕ್ಕೆ ಎರಡು ಸಲ ಹೋಗಿಬಂದೆವು. ನೀರಿಗಿಳಿಯುವ ಮೊದಲು ಬಟ್ಟೆ ಪೂರ್ತಿ ತೆಗೆದು ಸೋಪು ಹಚ್ಚಿ ಸ್ನಾನ ಮಾಡಬೇಕು, ಅದು ಅಲ್ಲಿನ ನಿಯಮ. ಅಮ್ಮನಿಗೆ ಸಂಕೋಚವಾಯಿತು. ಕೇಳಿದಾಗ ಪರದೆ ಇರುವ ಜಾಗ ತೋರಿಸಿದರು. ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತವಳು ಒಂದು ಗಂಟೆ ಏಳಲಿಲ್ಲ. ಮಂಡಿನೋವು ಇಳಿಯಿತು ಅಂತ ಎರಡು ದಿನ ಹೇಳಿದಳು.

ನಮ್ಮ ಲೆಕ್ಕ ಕ್ರೋನದಲ್ಲಿ ಹೀಗಿತ್ತು. ವಿಮೆ ಸೇರಿ ಕಾರು 1,17,000. ಒಟ್ಟು 1,900 ಕಿಲೋಮೀಟರಿಗೆ ಪೆಟ್ರೋಲ್ 39,000. ಹೋದ ಆ ಒಂದು ರಾತ್ರಿಯೂ ಸೇರಿ ರೂಮು 2,39,000. ದಿನಸಿ 42,000. ಪಾರ್ಕಿಂಗ್, ಈಜುಕೊಳ, ಎರಡು ಸಲ ಹೊರಗಿನ ಊಟ ಎಲ್ಲ 35,000. ವಿಮಾನ ಬಿಟ್ಟು ತಲೆಗೆ ಸುಮಾರು 72,000 ರೂಪಾಯಿ. ಕಡಿಮೆಯೇನಲ್ಲ. ಆದರೆ ಹೋಟೆಲ್ಲಿನಲ್ಲೇ ಉಂಡಿದ್ದರೆ ಬರೀ ಸೂಪು, ಬ್ರೆಡ್ಡಿಗೇ ತಲೆಗೆ 27,000 ರೂಪಾಯಿ ಆಗುತ್ತಿತ್ತು.

ಅಲ್ಲಿನ ಗೆಸ್ಟ್‌ಹೌಸುಗಳ ಅಡುಗೆಮನೆಯಲ್ಲಿ ಒಂದು ಶೆಲ್ಫ್ ಇರುತ್ತದೆ. ಹೊರಡುವವರು ಮಿಕ್ಕಿದ್ದನ್ನು ಇಟ್ಟುಹೋಗುತ್ತಾರೆ, ಬಂದವರು ತೆಗೆದುಕೊಳ್ಳುತ್ತಾರೆ. ಮೊದಲ ದಿನ ನಮಗೆ ಎಣ್ಣೆ, ಉಪ್ಪು, ಅರ್ಧ ಪ್ಯಾಕೆಟ್ ಸಕ್ಕರೆ ಸಿಕ್ಕಿದ್ದು ಅಲ್ಲೇ. ಕೊನೆಯ ಬೆಳಿಗ್ಗೆ ಬೋರ್ಗರ್ನೆಸ್‌ನಲ್ಲಿ ಅಮ್ಮ ಆ ಎಣ್ಣೆ ಬಾಟಲಿಯನ್ನು ಒರೆಸಿ ಶೆಲ್ಫಿನಲ್ಲಿಟ್ಟಳು. ಪಕ್ಕಕ್ಕೆ ಮಿಕ್ಕ ಅಕ್ಕಿ, ಒಂದು ಸಣ್ಣ ಡಬ್ಬಿಯಲ್ಲಿ ಚಟ್ನಿಪುಡಿ. ತಿಳಿಯದವರು ಚಮಚ ತುಂಬ ಬಾಯಿಗೆ ಹಾಕಿಕೊಂಡಾರು ಅಂತ ಅವಳಿಗೆ ಚಿಂತೆ. ತಮ್ಮ ಒಂದು ಚೀಟಿಯಲ್ಲಿ 'ಖಾರ ಇದೆ, ಬೆಣ್ಣೆ ಜೊತೆ ಸ್ವಲ್ಪವೇ ಹಾಕಿಕೊಳ್ಳಿ' ಅಂತ ಇಂಗ್ಲಿಷಿನಲ್ಲಿ ಬರೆದು ಡಬ್ಬಿಗೆ ಅಂಟಿಸಿದ. ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇವರು ಅಮ್ಮನಿಗಾಗಿ ಕಾಯುತ್ತಿದ್ದರು.