ಗವಾಯಿಗಳ ಚರಿತ್ರೆ ಬರೀಬೇಕಾ? ಮೊದಲು ಪೇಟಿಯವರನ್ನು ಮಾತಾಡಿಸಿ

ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹಿಂದೂಸ್ತಾನಿ ಸಂಗೀತದ ಬಗ್ಗೆ ಪುಸ್ತಕ ಬರೆಯಲು ಹೊರಟವರು ನೇರ ಹೆಸರಾಂತ ಶಿಷ್ಯರ ಮನೆ ಬಾಗಿಲು ತಟ್ಟುತ್ತಾರೆ. ಹೋಗಿ, ಬೇಡ ಅನ್ನಲ್ಲ. ಆದರೆ ಅವರು ಆ ಕಥೆಗಳನ್ನು ಸನ್ಮಾನದಲ್ಲಿ, ಸ್ಮರಣ ಸಂಚಿಕೆಯಲ್ಲಿ ಎಷ್ಟೋ ಸಲ ಹೇಳಿರುತ್ತಾರೆ. ಹೊಸದೇನೂ ಸಿಗುವುದು ಕಷ್ಟ. ನಾನಾದರೆ ಪಕ್ಕದಲ್ಲಿ ಕೂತವರಿಂದ ಶುರು ಮಾಡುತ್ತೇನೆ.

ಅಂದರೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವರು, ತಬಲಾ ಸಾಥ್ ಕೊಟ್ಟವರು, ಹಿಂದೆ ತಂಬೂರಿ ಹಿಡಿದವರು. 'ಅವರ ಗಾಯನ ಹೇಗಿತ್ತು?' ಅಂತ ಮಾತ್ರ ಕೇಳಬೇಡಿ. 'ಅದ್ಭುತ' ಅಂತಾರೆ, ಅಲ್ಲಿಗೆ ಮುಗೀತು. 'ಯಾವ ಪಟ್ಟಿಗೆ (ಶ್ರುತಿಗೆ) ತಂಬೂರಿ ಸೇರಿಸ್ತಿದ್ರಿ? ಮೊದಲ ತಂತಿ ಪಂಚಮಕ್ಕೋ, ನಿಷಾದಕ್ಕೋ?' ಅಂತ ಕೇಳಿ. ಬೆರಳು ತಾನೇ ಆಡಲು ಶುರುವಾಗುತ್ತದೆ. ಯಾವ ಬೈಠಕ್ಕು (ಕಛೇರಿ), ಎಷ್ಟು ಹೊತ್ತಿಗೆ ಮುಗೀತು, ಬಿದಾಗಿ (ಸಂಭಾವನೆ) ಎಷ್ಟು ಸಿಕ್ಕಿತು ಎಲ್ಲ ಒಂದರ ಹಿಂದೊಂದು ಬರುತ್ತದೆ.

ಹಳೆಯ ರೆಕಾರ್ಡು ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ 'ಗಾಂಧಾರಿ' ಹೆಸರಲ್ಲಿ ಹಾಡಿದ್ದನ್ನು ಕೇಳಿಸಿ, ಆಮೇಲೆ ಗಂಟಲು ಆಪರೇಷನ್ ಆದ ನಂತರದ ಆ ಗಡಸು ದನಿ ಕೇಳಿಸಿ. 'ನೀವು ಮೊದಲು ಕೇಳಿದ್ದು ಯಾವ ದನಿ?' ಈ ಒಂದು ಪ್ರಶ್ನೆ ಸಾಕು, ಮುಂದಿನ ಅರ್ಧ ಗಂಟೆ ನೀವು ಬಾಯಿ ಬಿಡಬೇಕಿಲ್ಲ.

ಮನೆಯ ಹೆಂಗಸರನ್ನು ಬಿಡಲೇಬೇಡಿ. ಯಾರು ಬಂದು ಚಹಾ ಕುಡಿದು ಹೋದರು, ಯಾರು ವಾರಗಟ್ಟಲೆ ಉಳಿದು ಕಲಿತರು, ಯಾವಾಗ ಜಗಳ ಆಯಿತು, ಎಲ್ಲ ಅವರಿಗೆ ಗೊತ್ತು. ಬೇರೆಯಾಗಿ ಮಾತಾಡಿಸಿ. ಗಂಡಸರು ಜೊತೆಗಿದ್ದರೆ ಉತ್ತರ ಅವರೇ ಕೊಡುತ್ತಾರೆ!

ಮಿರಜದ ತಂಬೂರಿ ಮಾಡುವವರ ಹತ್ತಿರವೂ ಹೋಗಿ. ಯಾರಿಗೆ ಯಾವ ಜವಾರಿ (ತಂಬೂರಿಯ ಕುದುರೆ ತಿದ್ದಿ ತರುವ ನಾದದ ಝೇಂಕಾರ) ಹಿಡಿಸುತ್ತಿತ್ತು ಅನ್ನುವುದು ಮನೆತನದಿಂದ ಮನೆತನಕ್ಕೆ ಬಂದಿರುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮದ ಹಳೆಯ ವಿದ್ಯಾರ್ಥಿಗಳು ಊರೂರಲ್ಲಿ ಸಂಗೀತ ಹೇಳಿಕೊಡುತ್ತಿದ್ದಾರೆ, ಆಶ್ರಮಕ್ಕೆ ತನ್ನದೇ ನಾಟಕ ಕಂಪನಿ ಇದ್ದದ್ದರಿಂದ ಕಂಪನಿ ನಾಟಕದ ಕಥೆ ಬೇಕಿದ್ದರೆ ಅವರನ್ನೇ ಹಿಡಿಯಿರಿ. ಧಾರವಾಡ ಆಕಾಶವಾಣಿಯಿಂದ ನಿವೃತ್ತರಾದವರೂ ಬೇಕು. ಕಲಾವಿದರ ಮನೆಯಲ್ಲಿ ರೇಡಿಯೋದ ಹಳೆಯ ಕಾಂಟ್ರಾಕ್ಟ್ ಕಾಗದ ಉಳಿದಿದ್ದರೆ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ತಾರೀಖು ಇರುತ್ತದೆ.

ಯಾಕಂದರೆ ಇಸವಿ ಯಾರಿಗೂ ನೆನಪಿರಲ್ಲ. 'ಯಾವ ವರ್ಷ?' ಅನ್ನುವ ಬದಲು ಗೂಟಗಳನ್ನು ಹುಗಿದುಕೊಳ್ಳಿ. ಧಾರವಾಡದಲ್ಲಿ ರೇಡಿಯೋ ಬರುವ ಮುಂಚೆಯೋ, ಆಮೇಲೋ? ಅದು 1950. ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರು ಇದ್ದಾಗಲೋ, ಹೋದ ಮೇಲೋ? ಅದು 1952. ಮಲ್ಲಿಕಾರ್ಜುನ ಮನ್ಸೂರ್, ಕುಮಾರ ಗಂಧರ್ವ ಇಬ್ಬರೂ ತೀರಿಕೊಂಡಿದ್ದು 1992ರಲ್ಲೇ, ಅದೂ ಒಳ್ಳೆಯ ಗುರುತು. ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ ಬರೆಯಿರಿ, ಸುಮ್ನೆ ಪಂಚಾಯಿತಿ ಮಾಡಬೇಡಿ.

ಎಲ್ಲಿ ಹುಡುಕೋದು ಅಂದರೆ, ಸವಾಯಿ ಗಂಧರ್ವರ ನೆನಪಿಗೆ ಕುಂದಗೋಳದಲ್ಲಿ ನಡೆಯುವ ಸಂಗೀತೋತ್ಸವಕ್ಕೆ ಹೋಗಿ. ನಡುವೆ ಚಹಾಕ್ಕೆ ಎದ್ದು ಬರುವ ಹಿರಿಯರ ಪಕ್ಕ ನಿಂತು ಮಾತಿಗಿಳಿಯಿರಿ, ನಂಬರ್ ತೆಗೆದುಕೊಳ್ಳಿ. ಹಾಡುವವರನ್ನು ಮಾತ್ರ ಹಾಡುವುದಕ್ಕೆ ಮುಂಚೆ ಮಾತಾಡಿಸಲು ಹೋಗಬೇಡಿ. ಬೈಸಿಕೊಳ್ಳುವುದು ಗ್ಯಾರಂಟಿ.