‘ಡಿಡ್’ ಬಂದ ಮೇಲೆ ‘ವೆಂಟ್’ ಬೇಡ: ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು ಹೇಗೆ?

ಕನ್ನಡದಲ್ಲಿ ‘ಅವನು ಬಂದ’ ಅನ್ನುವುದಕ್ಕೆ ಕೊನೆಯಲ್ಲೊಂದು ‘ಆ’ ಸೇರಿಸಿದರೆ ಸಾಕು, ‘ಅವನು ಬಂದನಾ?’ ಎಂಬ ಪ್ರಶ್ನೆ ರೆಡಿ. ಇಂಗ್ಲಿಷಿನಲ್ಲಿ ಪ್ರಶ್ನೆಯ ಗುರುತು ಕೊನೆಗಲ್ಲ, ಮುಂದಕ್ಕೆ ಬರುತ್ತದೆ.

ಮೊದಲು ವಾಕ್ಯದಲ್ಲಿ ಈಸ್, ಆರ್, ವಾಸ್, ಕ್ಯಾನ್, ವಿಲ್ ಥರದ ಪದ ಇದೆಯಾ ನೋಡಿ. ಇದ್ದರೆ ಅದನ್ನೇ ಮುಂದಕ್ಕೆ ತನ್ನಿ. ‘ಶಿ ಈಸ್ ರೆಡಿ’ ಇದ್ದದ್ದು ‘ಈಸ್ ಶಿ ರೆಡಿ?’ ಆಗುತ್ತದೆ. ಅಷ್ಟೇ.

ಇಲ್ಲದಿದ್ದರೆ ಡು, ಡಸ್, ಡಿಡ್ ಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ‘ಹಿ ವೆಂಟ್ ಹೋಮ್’ ಅನ್ನುವುದನ್ನು ನಿಧಾನವಾಗಿ ನೋಡೋಣ. ‘ವೆಂಟ್’ ಎಂಬ ಒಂದೇ ಪದದಲ್ಲಿ ಹೋಗುವ ಕೆಲಸವೂ ಇದೆ, ಅದು ಆಗಿಹೋಯಿತು ಎಂಬ ಸುದ್ದಿಯೂ ಇದೆ. ಡಿಡ್ ಬಂದ ಕೂಡಲೇ ಆ ಸುದ್ದಿಯನ್ನು ತಾನೇ ಹೊತ್ತುಕೊಳ್ಳುತ್ತದೆ. ಹಿಂದೆ ಉಳಿಯುವುದು ಬರೀ ‘ಗೋ’. ಹಾಗಾಗಿ ‘ಡಿಡ್ ಹಿ ಗೋ ಹೋಮ್?’ ಸರಿ, ‘ಡಿಡ್ ಹಿ ವೆಂಟ್ ಹೋಮ್?’ ತಪ್ಪು. ಡಸ್ ಕೂಡ ಹೀಗೇ. ‘ಶಿ ವರ್ಕ್ಸ್’ ಕೊನೆಯ ‘ಸ್’ ಡಸ್ ಪಾಲಾಗಿ, ‘ಡಸ್ ಶಿ ವರ್ಕ್?’ ಆಗುತ್ತದೆ. ‘ಇಲ್ಲ’ ಅನ್ನುವಾಗಲೂ ಇದೇ ಲೆಕ್ಕ: ‘ಹಿ ಡಿಡ್ ನಾಟ್ ಗೋ’. ಸುಮ್ನೆ ಬಾಯಿಪಾಠ ಮಾಡಬೇಡಿ. ಭೂತಕಾಲ ಯಾವ ಪದದಲ್ಲಿ ಕೂತಿದೆ ಅಂತ ಹುಡುಕಿ. ಎರಡು ಕಡೆ ಕಂಡರೆ ಒಂದನ್ನು ತೆಗೆಯಿರಿ. ಅಂದಹಾಗೆ, 400 ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಡು ಇಲ್ಲದೆ ‘ನೋ ಯು ಹಿಮ್?’ (know, ಅಂದರೆ ‘ಅವನು ನಿಮಗೆ ಗೊತ್ತಾ?’) ಅಂತಲೂ ಕೇಳುತ್ತಿದ್ದರು. ಈಗ ಹಾಗೆ ಕೇಳುವಂತಿಲ್ಲ.

ವೇರ್, ವೆನ್, ವೈ ಬೇಕಿದ್ದರೆ ಎಲ್ಲದಕ್ಕಿಂತ ಮುಂದೆ ಇಡಿ: ‘ವೇರ್ ಡಿಡ್ ಹಿ ಗೋ?’ ಆದರೆ ‘ಯಾರು ಬಂದರು?’ ಎಂದು ಕೇಳಲು ‘ಹೂ ಕೇಮ್?’ ಸಾಕು, ಡಿಡ್ ಬೇಡ.

ಇನ್ನು ನಮ್ಮ ‘ಅಲ್ವಾ?’ ವಿಷಯ. ಕನ್ನಡದಲ್ಲಿ ಅದು ಎಲ್ಲ ಮಾತಿಗೂ ಒಗ್ಗುತ್ತದೆ. ಆ ಅಭ್ಯಾಸದಿಂದ ಎಲ್ಲದಕ್ಕೂ ‘ಇಸಂಟ್ ಇಟ್?’ ಅಂಟಿಸಿಬಿಡುತ್ತೇವೆ. ಅಲ್ಲೂ ವಾಕ್ಯದ ಸಹಾಯಕ ಪದವನ್ನೇ, ಅಂದರೆ ಈಸ್, ಕ್ಯಾನ್ ಥರದ್ದನ್ನೇ ಹುಡುಕಬೇಕು; ಅದು ಇಲ್ಲದಿದ್ದರೆ ಡು, ಡಸ್, ಡಿಡ್ ತರಬೇಕು. ‘ಶಿ ಈಸ್ ರೆಡಿ, ಇಸಂಟ್ ಶಿ?’, ‘ಯು ನೋ ಹಿಮ್, ಡೋಂಟ್ ಯು?’, ‘ಹಿ ವೆಂಟ್ ಹೋಮ್, ಡಿಡಂಟ್ ಹಿ?’

ಉತ್ತರ ಕೊಡುವಾಗಲೂ ಹುಷಾರು. ‘ನೀವು ಬರಲಿಲ್ವಾ?’ ಅಂದರೆ ನಾವು ‘ಹೌದು, ಬರಲಿಲ್ಲ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಡಿಡಂಟ್ ಯು ಕಮ್?’ ಅಂತ ಕೇಳಿದಾಗ, ಬಾರದವರ ಉತ್ತರ ‘ನೋ, ಐ ಡಿಡಂಟ್’. ಬಂದಿದ್ದವರದು ‘ಯೆಸ್, ಐ ಡಿಡ್’.