ಕವಚವಿಲ್ಲದ ಪೈಲ್ವಾನನನ್ನು ಉಳಿಸಿದ ಬಗೆ

ನಾನು ಕಟ್ಟುತ್ತಿರುವ ಟರ್ನ್ ಬೇಸ್ಡ್ ಆರ್‌ಪಿಜಿಯಲ್ಲಿ (ಸರದಿ ಪ್ರಕಾರ ಪಾತ್ರಗಳನ್ನು ಆಡಿಸುವ ವಿಡಿಯೋ ಗೇಮ್) ಒಬ್ಬ ಪೈಲ್ವಾನ್ ಇದ್ದಾನೆ. ಲಂಗೋಟಿ ಬಿಟ್ಟರೆ ಮೈಮೇಲೆ ಏನೂ ಇಲ್ಲ. ಪಕ್ಕದಲ್ಲೇ ಉಕ್ಕಿನ ಕವಚ ತೊಟ್ಟ ಸಿಪಾಯಿ. ಇಬ್ಬರೂ ಒಂದೇ ಕಾಳಗದಲ್ಲಿ ಉಳಿಯಬೇಕು, ಆದರೆ ಉಳಿಯುವ ದಾರಿ ಬೇರೆ ಬೇರೆ ಇರಬೇಕು. ಇದು ನನ್ನ ಹಟ.

ಸುಲಭದ ದಾರಿ ಒಂದಿದೆ. ಬಾಲ್ಡರ್ಸ್ ಗೇಟ್ 3 ಅನ್ನೋ ಗೇಮ್‌ನಲ್ಲಿ ಕವಚ ಹಾಕದ ಮಾಂಕ್‌ಗೆ (ಬರಿಗೈಲಿ ಹೊಡೆದಾಡುವ ಸನ್ಯಾಸಿ) 10ರ ಜೊತೆ ಡೆಕ್ಸ್‌ಟೆರಿಟಿ (ಚುರುಕು), ವಿಸ್ಡಮ್ (ವಿವೇಕ) ಎರಡರ ಬೋನಸ್ ಸೇರಿ ಆರ್ಮರ್ ಕ್ಲಾಸ್, ಅಂದರೆ ಏಟು ತಗಲುವುದು ಎಷ್ಟು ಕಷ್ಟ ಅನ್ನುವ ಅಂಕಿ, ಬರುತ್ತದೆ. ಬಾರ್ಬೇರಿಯನ್ ಅನ್ನೋ ಕಾಡು ಯೋಧನಿಗೆ ವಿಸ್ಡಮ್ ಬದಲು ಕಾನ್‌ಸ್ಟಿಟ್ಯೂಷನ್ (ಮೈಗಟ್ಟು). ಲೆಕ್ಕ ಅಚ್ಚುಕಟ್ಟು. ಆದರೆ ಕೊನೆಗೆ ಕೈಗೆ ಸಿಗುವುದು ಕವಚದವನ ಹತ್ತಿರ ಇರುವಂಥದ್ದೇ ಒಂದು ಅಂಕಿ. ಕಣ್ಣಿಗೆ ಕಾಣದ ಕವಚ ತೊಡಿಸಿದ ಹಾಗಾಯ್ತು, ಅಲ್ವಾ?

ಹಾಗಾಗಿ ಸಿಪಾಯಿಗೆ ಬೀಳುವ ಏಟನ್ನು ಅರ್ಧ ಮಾಡಿದೆ. ಪೈಲ್ವಾನನಿಗೆ ಏಟು ತಪ್ಪಿಸಿಕೊಳ್ಳುವ ಚಳಕ ಕೊಟ್ಟೆ. 40ರ ಏಟು ಅರ್ಧವಾದರೂ, ಎರಡರಲ್ಲಿ ಒಂದು ತಪ್ಪಿದರೂ ಸರಾಸರಿ 20ಯೇ. ಆದರೆ ಇಬ್ಬರಿಗೂ ಹೆಲ್ತ್ (ಜೀವದ ಅಂಕ) 120 ಇದ್ದರೆ ಸಿಪಾಯಿ ಬೀಳಲು ಆರು ಏಟು ಬೇಕೇ ಬೇಕು. ಪೈಲ್ವಾನನಿಗೆ ಮೂರು ಸಾಕು. ಸುಮ್ನೆ ದಾಳ ಹಾಕಿದರೆ ಮೊದಲ ಮೂರೂ ತಗಲುವ ಸಾಧ್ಯತೆ 8ರಲ್ಲಿ 1. ಚೆನ್ನಾಗಿ ಆಡುವವರೂ ಹೀಗೆ ಸಾಯುವುದು ಅನ್ಯಾಯ.

ಇದಕ್ಕೆ ಮದ್ದು ಸಿಕ್ಕಿದ್ದು ಪಾತ್ ಆಫ್ ಎಕ್ಸೈಲ್ ಅನ್ನೋ ಇನ್ನೊಂದು ಗೇಮ್‌ನ ಇವೇಷನ್ (ಏಟು ತಪ್ಪಿಸಿಕೊಳ್ಳುವ) ಲೆಕ್ಕದಲ್ಲಿ. ಅಲ್ಲಿ ಏಟಿಗೊಂದು ದಾಳ ಇಲ್ಲ. ಆರಂಭದ ಅಂಕಿ ಮಾತ್ರ ಅದೃಷ್ಟದ್ದು. ಆಮೇಲೆ ಪ್ರತಿ ಏಟಿಗೂ, ಆ ಏಟು ತಗಲುವ ಸಾಧ್ಯತೆಯ ಶೇಕಡಾವಾರು ಅದಕ್ಕೆ ಕೂಡುತ್ತಾ ಹೋಗುತ್ತದೆ. 100 ಮುಟ್ಟಿದಾಗ ಏಟು ತಗಲುತ್ತದೆ, 100 ಕಳೆಯುತ್ತದೆ. ಅಲ್ಲಿ ಇದು ಒಳಗಿನ ಲೆಕ್ಕ. ನಾನು ಅದನ್ನು ಪೈಲ್ವಾನನ ತಲೆ ಮೇಲೆ ತುಂಬುತ್ತಾ ಹೋಗುವ ಪಟ್ಟಿಯಾಗಿ ತೋರಿಸಿದೆ. ಹೆಸರು ‘ಗ್ರಹಚಾರ’.

ಪಟ್ಟಿ 70ಕ್ಕೆ ಬಂದಿದೆ ಅಂದುಕೊಳ್ಳಿ. ಎದುರಿಗೆ ಗದೆಯವನು, ಅವನ ಏಟು ತಗಲುವ ಶೇಕಡಾವಾರು 60. ಪಕ್ಕದಲ್ಲಿ ನಾಯಿ, ಅದರದು 30. ಗದೆ ಬಿದ್ದರೆ 40 ಹೋಗುತ್ತದೆ, ನಾಯಿ ಕಚ್ಚಿದರೆ ಬರೀ 6. ಆಟಗಾರ ಒಂದು ಮನೆ ಹಿಂದೆ ಸರಿದು ನಾಯಿಯಿಂದ ಬೇಕಂತಲೇ ಕಚ್ಚಿಸಿಕೊಳ್ಳಬಹುದು. ಪಟ್ಟಿ ಸೊನ್ನೆಗೆ ಇಳಿಯುತ್ತದೆ. ಆಮೇಲೆ ಬರುವ ಗದೆ ಗಾಳಿಗೆ ಹೋಗುತ್ತದೆ. ಕವಚದವನ ಆಟದಲ್ಲಿ ಈ ಲೆಕ್ಕಾಚಾರವೇ ಇಲ್ಲ. ನನಗೆ ಬೇಕಾಗಿದ್ದು ಇದೇ.

ಬೆಂಕಿ, ವಿಷದ ಹೊಗೆಗೆ ಈ ಪಟ್ಟಿ ನಡೆಯುವುದಿಲ್ಲ. ಅಲ್ಲಿಂದ ಓಡಲೇಬೇಕು. ಅದಕ್ಕೇ ಪೈಲ್ವಾನನ ನಡಿಗೆಗೆ ಎರಡು ಮನೆ ಜಾಸ್ತಿ ಕೊಟ್ಟಿದ್ದೇನೆ.

ಇನ್ನು ಅರೆಬರೆ ಕವಚದ ವಿಚಾರ. 2002ರ ಮಾರೋವಿಂಡ್ ಗೇಮ್‌ನಲ್ಲಿ ಅನ್‌ಆರ್ಮರ್ಡ್ (ಕವಚವಿಲ್ಲದೆ ಕಾಯುವ) ಅನ್ನೋ ಕೌಶಲ ಕೆಲಸ ಮಾಡಲು ಕವಚದ ಒಂದು ತುಣುಕಾದರೂ ಮೈಮೇಲೆ ಇರಬೇಕಿತ್ತು. ಪೂರ್ತಿ ಬರಿಮೈಯಲ್ಲಿ ಅದರಿಂದ ಏನೂ ಸಿಗುತ್ತಿರಲಿಲ್ಲ. ನನ್ನಲ್ಲಿ ನಿಯಮ ನೇರ: ಕವಚದ ಯಾವ ತುಣುಕು ಹಾಕಿದರೂ, ಗುರಾಣಿ ಹಿಡಿದರೂ ಪಟ್ಟಿ ಆಫ್. ತೊಡುವ ಮೊದಲೇ ಆ ವಸ್ತುವಿನ ಕೆಳಗೆ ಇದನ್ನು ಕೆಂಪಕ್ಷರದಲ್ಲಿ ತೋರಿಸುತ್ತೇನೆ. ಉಂಗುರ, ತಾಯತಕ್ಕೆ ತಕರಾರಿಲ್ಲ.